ಸೂರ್ಯನ ಗಾಳಿಗೊಂದು ಹಿತ್ತಲ ಬಾಗಿಲು

ರಬ್ಬರಿನ ಚಪ್ಪಲಿಯನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಾಗಿಲ ಮುಂದೆ ಬಿಟ್ಟು, ಒಳಗೆ ಹೋಗಿ ಮೈಮರೆತು ಮಲಗಿಬಿಟ್ಟರೆ, ಸಾಯಂಕಾಲ ಎದ್ದು ಬರುವಷ್ಟರಲ್ಲಿ ಅದು ಅಂಚಿನಲ್ಲೆಲ್ಲ ಸುರುಟಿಕೊಂಡು, ಪುಟ್ಟ ದೋಣಿಯ ಆಕಾರ ತಾಳಿ, ಆಮೇಲೆ ಯಾವ ಪಾದಕ್ಕೂ ಒಗ್ಗದ ಪದಾರ್ಥವಾಗಿಬಿಟ್ಟಿರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು ನಾನು. ಉಷ್ಣದಿಂದ ವಸ್ತುಗಳು ಹಿಗ್ಗುತ್ತವೆ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ನೆನಪಿಲ್ಲ. ಆದರೆ ಬಿಸಿಲಿಗೆ ಚಪ್ಪಲಿ ಹಿಗ್ಗುವುದಿಲ್ಲ, ಮುದುಡುತ್ತದೆ ಎಂಬ ಈ ಚಿಕ್ಕ ಪಾಠವನ್ನು ನನಗೆ ಕಲಿಸಿದವರು ಬೇರೆ ಒಬ್ಬರು. ಅದಕ್ಕೆ ಅವರು ಬಳಸಿದ್ದು ಎರಡೇ ವಾಕ್ಯ.

ಚಪ್ಪಲಿಯ ಮಹಿಮೆಯನ್ನು ನಾವು ಸಾಕಷ್ಟು ಕೊಂಡಾಡಿಲ್ಲವೆಂದೇ ನನ್ನ ಭಾವನೆ. ಗೋಡೆಗೆ ಹೊಡೆದ ನಾಮಫಲಕ ಮನೆ ಯಾರದೆಂದು ಹೇಳುತ್ತದೆ, ಅಷ್ಟೆ. ಯಜಮಾನ ಒಳಗಿದ್ದಾನೋ ಇಲ್ಲವೋ ಎಂಬ ಸತ್ಯವನ್ನು ನುಡಿಯುವುದು ಹೊಸ್ತಿಲಾಚೆಯ ಚಪ್ಪಲಿ. ಯಾರಾದರೂ ಬಂದಾಗ ಮನೆಯಲ್ಲಿಲ್ಲವೆಂದು ನಟಿಸಬಯಸುವ ಮನುಷ್ಯ ಮೊದಲು ಮಾಡಬೇಕಾದ ಕೆಲಸ ಅವೆರಡನ್ನೂ ಒಳಗೆ ಎತ್ತಿಟ್ಟುಕೊಳ್ಳುವುದು. ಈ ಪ್ರಾಥಮಿಕ ಎಚ್ಚರಿಕೆಯನ್ನು ನಾನು ಒಂದು ಭಾನುವಾರ ಮರೆತೆ. ಆ ಮರೆವಿನ ಕಥೆ ಹೇಳಬೇಕಾದರೆ ಸೂರ್ಯನವರೆಗೆ ಒಮ್ಮೆ ಹೋಗಿಬರಬೇಕಾಗುತ್ತದೆ. ದೂರ ಹೆಚ್ಚಾಯಿತೆಂದು ಬೇಸರಿಸಬೇಡಿ, ದಾರಿಯಲ್ಲಿ ನರಸೀಪುರ, ನಂಜನಗೂಡು ಎರಡೂ ಸಿಗುತ್ತವೆ.

ಮೊದಲು ನರಸೀಪುರ. ಅಲ್ಲಿ ನಾನು ಮೇಷ್ಟರಾಗಿದ್ದೆ, ಅಲ್ಲಿಯ ಹುಡುಗಿ ನಾಗರತ್ನಳನ್ನೇ ಮದುವೆಯಾದೆ. ಅವಳ ತಾಯಿ ಪುಟ್ಟತಾಯಮ್ಮನವರು ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅರ್ಧ ಊರಿಗೆ ಅಕ್ಷರ ತಿದ್ದಿಸಿದ್ದರಿಂದ ಇಡೀ ಊರಿಗೆ ಅವರು ಟೀಚರಮ್ಮ. ಅವರು ಮಗ್ಗಿ ಹೇಳಿಸುತ್ತಿದ್ದರೆ ಆ ಕಂಠ ಹೊಳೆಯ ಸಂಗಮದವರೆಗೂ ಕೇಳಿಸುತ್ತಿತ್ತಂತೆ. ಅಂಥ ಟೀಚರಮ್ಮ ನಮ್ಮ ದಾಂಪತ್ಯದ ಹನ್ನೊಂದು ವರ್ಷಗಳಲ್ಲಿ ನನ್ನೊಡನೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಮುನಿಸೇನಲ್ಲ, ಅದು ಆ ಮನೆಯ ಪದ್ಧತಿ: ಅತ್ತೆಯಾದವಳು ಅಳಿಯನ ಎದುರಿಗೆ ಕೂರಬಾರದು, ಹೆಸರು ಹಿಡಿದು ಕರೆಯಬಾರದು, ಮುಖ ಕೊಟ್ಟು ಮಾತಾಡಬಾರದು. ಅಳಿಯನೂ ಹಾಗೆಯೇ. ಇಬ್ಬರ ನಡುವಿನ ಸಕಲ ವ್ಯವಹಾರವೂ ಮಗಳ ಮುಖಾಂತರ ನಡೆಯತಕ್ಕದ್ದು.

ನಾನು ಊಟಕ್ಕೆ ಕುಳಿತಿರುತ್ತಿದ್ದೆ. ನಾಗರತ್ನ ನಡುವೆ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಅತ್ತೆ ಅಡಿಗೆಮನೆಯ ಬಾಗಿಲ ಮರೆಯಲ್ಲಿ.

"ನಾಗೂ, ಅವರಿಗೆ ಇನ್ನೊಂದು ಮುದ್ದೆ ಬೇಕಾ ಕೇಳು."

ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೂ ಕೇಳಿಸದವನಂತೆ, ನಾಗರತ್ನ ನನ್ನತ್ತ ತಿರುಗಿ "ಬೇಕಾ?" ಎನ್ನುವವರೆಗೆ ಸಾರಿನಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದೆ.

"ಸಾಕು ಅನ್ನು."

"ಸಾಕಂತೆ ಕಣಮ್ಮ."

"ಅರ್ಧನಾದ್ರೂ ಹಾಕ್ಕೊಳ್ಳಕ್ಕೆ ಹೇಳು."

ಒಂದು ದಿನ ಅವಳಿಗೆ ರೇಗಿಹೋಯಿತು. "ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ? ಇಬ್ರಿಗೂ ಕಿವಿ ಇದೆ, ಬಾಯಿದೆ. ನಾನೊಂದಿನ ಊರಲ್ಲಿಲ್ಲ ಅಂದ್ರೆ ಇಬ್ರೂ ಉಪವಾಸ ಬೀಳ್ತೀರಿ ಅಷ್ಟೆ" ಎಂದಳು. ಬಾಗಿಲ ಮರೆಯಲ್ಲಿ ಅತ್ತೆ ನಕ್ಕರು, ಇಲ್ಲಿ ನಾನು ನಕ್ಕೆ; ಆದರೆ ಆ ಎರಡು ನಗೆಗಳೂ ಅವಳ ಮೂಲಕವೇ ಹಾದುಹೋದವು.

ತೊಂಬತ್ತನಾಲ್ಕರ ಮಳೆಗಾಲದಲ್ಲಿ ನಾಗರತ್ನ ಕಾಮಾಲೆಯಿಂದ ತೀರಿಕೊಂಡಳು. ಹನ್ನೆರಡು ದಿನ ಮಲಗಿದ್ದಳು, ಅಷ್ಟೆ. ನಮಗೆ ಮಕ್ಕಳಿರಲಿಲ್ಲ.

ಆಮೇಲಿನ ದಿನಗಳನ್ನು ವಿಸ್ತರಿಸುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ: ಲೋಕವೆಲ್ಲ ಬಂದು ಸಮಾಧಾನ ಹೇಳಿ ಹೋಯಿತು, ಆದರೆ ಆ ಸಾವನ್ನು ನನ್ನಷ್ಟೇ ಬಲ್ಲ ಇನ್ನೊಬ್ಬರು ಗೋಡೆಯಾಚೆಗೇ ಇದ್ದರೂ, ನಾವಿಬ್ಬರೂ ಒಂದಕ್ಷರ ಆಡಲಾರದೆ ಹೋದೆವು. ಆಡುವುದು ಯಾರ ಮೂಲಕ? ಸಮಾಧಾನದ ಮಾತುಗಳಿಂದ ತಪ್ಪಿಸಿಕೊಳ್ಳಲು ನಂಜನಗೂಡಿಗೆ ವರ್ಗ ಮಾಡಿಸಿಕೊಂಡು ಬಂದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೇನೆ. ನಿಮ್ಮ ಹತ್ತಿರ ಸುಳ್ಳೇಕೆ, ತಪ್ಪಿಸಿಕೊಂಡದ್ದು ಆ ಬಾಗಿಲ ಮರೆಯ ಮೌನದಿಂದ.

ನಂಜನಗೂಡಿನಲ್ಲಿ ಹೊಳೆಯ ಕಡೆಗೆ ಇಳಿಯುವ ಒಂದು ಸಂದಿಯಲ್ಲಿ ಬಾಡಿಗೆ ಮನೆ. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ನಾನು. ಪಕ್ಕದ ಮನೆಯಲ್ಲಿ ಮಾದೇವಮ್ಮ ಎಂಬಾಕೆ ಎರಡು ಎಮ್ಮೆ ಕಟ್ಟಿಕೊಂಡು ಕೇರಿಗೆಲ್ಲ ಹಾಲು ಹಾಕುತ್ತಿದ್ದಳು. ನಮ್ಮ ಕಡೆ ಹೆಂಗಸರ ಒಡನಾಟವೆಲ್ಲ ಹಿತ್ತಲ ಬಾಗಿಲಿನಲ್ಲಿ. ಒಂದು ಲೋಟ ಕಾಫಿಪುಡಿ, ಹಿಡಿ ಕರಿಬೇವು, ಮಗಳು ಮುಟ್ಟಾದ ಸುದ್ದಿ, ಇವು ಯಾವುವೂ ಬೀದಿ ಬಾಗಿಲಿನಿಂದ ಓಡಾಡುವುದಿಲ್ಲ. ನಾನು ಹೋದ ದಿನವೇ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ಅದಕ್ಕೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಒತ್ತರಿಸಿಟ್ಟೆ. ಮಾದೇವಮ್ಮ ಒಮ್ಮೆ ಬಡಿದು ನೋಡಿ, "ಇದೇನ್ ಮೇಷ್ಟ್ರೇ, ಕ್ವಾಟೆ ಬಾಗ್ಲು ಅಂಗೆ ಬಿಗ್ದಿದ್ದೀರಿ" ಎಂದು ನಕ್ಕು, ಅಂದಿನಿಂದ ಹಾಲನ್ನು ಮುಂದಿನಿಂದಲೇ ಹಾಕತೊಡಗಿದಳು.

ಸಂಜೆಯ ಹೊತ್ತು ಸೋಪಾನದ ಮೇಲೆ ಕೂತು ಕಪಿಲೆಯನ್ನು ನೋಡುತ್ತಿದ್ದೆ. ನನ್ನ ಎದುರಿಗೆ ಹರಿದ ನೀರು ಮುಂದೆ ನರಸೀಪುರಕ್ಕೇ ಹೋಗಿ ಕಾವೇರಿಯನ್ನು ಸೇರಬೇಕು, ಅತ್ತೆಯವರ ಬಿಂದಿಗೆಗೂ ಅದೇ ನೀರು. ನೀರು ಹೋಗುತ್ತಿತ್ತು, ನಾನು ಹೋಗುತ್ತಿರಲಿಲ್ಲ. ಅಲ್ಲಿಂದ ಇಲ್ಲಿಗೆ ಮಾತ್ರ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಒಂದು ಗಂಟೆಯ ಬಸ್ಸಿನ ದಾರಿಯಾದರೂ ಕಾರ್ಡು ಮೊದಲು ಮೈಸೂರಿಗೆ ಹೋಗಿ, ಅಲ್ಲಿ ವಿಂಗಡಣೆಯಾಗಿ, ತಾಂಡವಪುರದ ಮೇಲೆ ನನ್ನ ಬಾಗಿಲು ತಲುಪಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. "ಅಳಿಯಂದಿರಿಗೆ ಆಶೀರ್ವಾದಗಳು. ಇಲ್ಲಿ ಕ್ಷೇಮ. ಅಲ್ಲಿಯ ಕ್ಷೇಮಕ್ಕೆ ಬರೆಯುವುದು." ಗೆರೆ ಎಳೆದಂಥ ಅಕ್ಷರ. ಬಾಯಲ್ಲಿ ಆಡಲಾಗದ್ದನ್ನು ಅವರು ಕಾಗದದ ಮೇಲೆ ಆಡಲು ಯತ್ನಿಸುತ್ತಿದ್ದರೆಂದು ನನಗೆ ಈಗ ಹೊಳೆಯುತ್ತದೆ. ಆಗ ನಾನು ಲೇಖನಿ ಹಿಡಿದು, ಸಂಬೋಧನೆಯಲ್ಲೇ ಸಿಕ್ಕಿಕೊಂಡು, ಮೂರು ಕಾರ್ಡು ಕೆಡಿಸಿ ಸುಮ್ಮನಾದೆ. ಅಷ್ಟೆಲ್ಲ ಕಾರ್ಡುಗಳಿಗೆ ಒಂದು ಉತ್ತರವನ್ನೂ ಬರೆಯಲಿಲ್ಲ.

ಹೀಗಿರುವಾಗ ತೊಂಬತ್ತಾರರ ಏಪ್ರಿಲಿನ ಒಂದು ಭಾನುವಾರ, ನಡುಮಧ್ಯಾಹ್ನ. ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಬೀದಿ ಬಾಗಿಲನ್ನು ಯಾರೋ ಬಡಿದರು, ಮೂರು ಸಲ, ಛತ್ರಿಯ ಹಿಡಿಯಿಂದ. ತರಗತಿ ಗಲಾಟೆ ಮಾಡಿದರೆ ಮೇಜಿನ ಮೇಲೆ ಕುಟ್ಟುವ ಆ ಮೂರು ಪೆಟ್ಟು ನನಗೆ ಚೆನ್ನಾಗಿ ಗೊತ್ತು. "ಒಳಗೆ ಯಾರಿದೀರಿ?" ಎಂದರು ಅತ್ತೆ. ಪಾಪ, ಹೆಸರು ಕೂಗುವಂತಿರಲಿಲ್ಲ.

ನಾನು ಏಳಲಿಲ್ಲ. ಎದ್ದು ಬಾಗಿಲು ತೆರೆದರೆ ಎದುರಾಬದುರು ನಿಲ್ಲಬೇಕು, ನಿಂತರೆ ಮಾತಾಡಬೇಕು, ಮಾತಾಡಿದರೆ ನಡುವೆ ಕಂಬಕ್ಕೆ ಒರಗಿದವಳು ಇಲ್ಲವೆಂಬುದು ಹೊಸದಾಗಿ ಮತ್ತೊಮ್ಮೆ ನಿಜವಾಗಬೇಕು. ಉಸಿರು ಬಿಗಿಹಿಡಿದು ಸೂರಿನ ಹೆಂಚು ನೋಡುತ್ತ ಮಲಗಿದೆ. ಹೊರಗೆ ಮಾದೇವಮ್ಮನ ದನಿ ಕೇಳಿಸಿತು.

"ಒಳ್ಗೇ ಅವ್ರೆ ಕಣವ್ವ, ಚಪ್ಲಿ ಇಲ್ಲೇ ಬಿದ್ದವಲ್ಲ. ಇನ್ನೊಂದಪ ಜೋರಾಗಿ ಬಡೀರಿ."

ಆಮೇಲೆ ಟೀಚರಮ್ಮ ಅಂದರು, "ಬೇಡ ಬಿಡಮ್ಮ, ನಿದ್ದೆ ಹತ್ತಿರಬೇಕು. ಮೇಷ್ಟ್ರಿಗೆ ಭಾನುವಾರ ಒಂದೇ ದಿನ ಅಲ್ವಾ."

ಅರ್ಧ ಗಂಟೆಯ ನಂತರ ಕಳ್ಳನ ಹಾಗೆ ಕದ ಸರಿಸಿ ನೋಡಿದೆ. ಬೀದಿ ಖಾಲಿ. ಉರಿಬಿಸಿಲಿನಲ್ಲಿ ಅಡ್ಡಾದಿಡ್ಡಿ ಬಿಟ್ಟಿದ್ದ ನನ್ನ ಚಪ್ಪಲಿಗಳು ಗೋಡೆಯ ಬುಡದ ಗೇಣಗಲದ ನೆರಳಿನಲ್ಲಿ ಒಂದರ ಪಕ್ಕ ಒಂದು ನೀಟಾಗಿ ಕೂತಿದ್ದವು.

ಮಾರನೆಯ ತಿಂಗಳು ಕಾರ್ಡು ಬರಲಿಲ್ಲ. ಅದರ ಮುಂದಿನ ತಿಂಗಳೂ ಬರಲಿಲ್ಲ. ಉತ್ತರಿಸದ ಕಾರ್ಡುಗಳಿಗಾಗಿ ಇಷ್ಟೊಂದು ಕಾಯುತ್ತಿದ್ದೆನೆಂದು ಅವು ನಿಂತ ಮೇಲೆ ತಿಳಿಯಿತು. ಅಂಚೆಯವನು ಸಂದಿಯ ತಿರುವಿನಲ್ಲೇ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಬರೆಯುವ ಹಕ್ಕು ನನಗೂ ಇತ್ತು. ಆದರೆ ಮಲಗಿದ್ದವನು ಏನೆಂದು ಬರೆಯಬೇಕು? ವರ್ಷವೊಂದು ಹಾಗೆಯೇ ಕಳೆಯಿತು.

ಈಗ ಸೂರ್ಯ. ತೊಂಬತ್ತೇಳರ ಮಾರ್ಚ್, ಏಪ್ರಿಲ್‌ನಲ್ಲಿ ಸಂಜೆ ಹೊತ್ತು ವಾಯವ್ಯದಲ್ಲಿ ಒಂದು ಧೂಮಕೇತು ಕಾಣಿಸಿಕೊಂಡದ್ದು ನಿಮಗೂ ನೆನಪಿರಬಹುದು. ಮುಳುಗಿದ ಸೂರ್ಯನ ಹಿಂದೆಯೇ, ಯಾರೋ ಸುಣ್ಣದ ಬೆರಳಿನಿಂದ ಒರೆಸಿದ ಗುರುತಿನ ಹಾಗಿತ್ತು. ಶಾಲೆಯ ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸಿ ತೋರಿಸಿದೆ. ಈ ಸುದ್ದಿ ಹೇಗೋ ಮೈಸೂರಿನ ರೇಡಿಯೋದವರಿಗೆ ಮುಟ್ಟಿ, ಹತ್ತು ನಿಮಿಷ ಮಾತಾಡಿ ಎಂದು ಕರೆದರು. ನಾನು ಹಿಗ್ಗಿಹೋದೆ, ಉಷ್ಣದಿಂದ ಮಾತ್ರವೇ ವಸ್ತುಗಳು ಹಿಗ್ಗುವುದು ಎಂದು ಯಾರು ಹೇಳಿದರು?

ಅಲ್ಲಿ ನಾನು ಹೇಳಿದ್ದು ಹೀಗೆ. ಧೂಮಕೇತುವಿಗೆ ಎರಡು ಬಾಲ. ಧೂಳಿನ ಬಿಳಿಯ ಬಾಲ ನಮ್ಮ ಕಣ್ಣಿಗೆ ಕಾಣುವಂಥದು. ಅನಿಲದ ನೀಲಿ ಬಾಲ ಇನ್ನೊಂದು, ಅದನ್ನು ನಾನೂ ಚಿತ್ರದಲ್ಲಿ ನೋಡಿದ್ದು. ಈ ನೀಲಿ ಬಾಲ ಸದಾ ಸೂರ್ಯನಿಗೆ ವಿಮುಖವಾಗಿರುತ್ತದೆ. ಧೂಮಕೇತು ಸೂರ್ಯನ ಬಳಿಗೆ ಬರುವಾಗ ಬಾಲ ಹಿಂದೆ. ಮರಳಿ ಹೋಗುವಾಗ, ಅರಮನೆಯಲ್ಲಿ ದೊರೆಗೆ ಬೆನ್ನು ತೋರಿಸದೆ ಹಿಂಹಿಂದಕ್ಕೆ ಹೆಜ್ಜೆಯಿಡುವವನ ಉತ್ತರೀಯದಂತೆ, ಬಾಲವೇ ಮುಂದೆ. ಕಾರಣ, ಸೂರ್ಯನಿಂದ ಒಂದು ಗಾಳಿ ಬೀಸುತ್ತಿರುತ್ತದೆ. ಸೂರ್ಯನ ಹೊರಗಿನ ಪ್ರಭಾವಲಯ ಹತ್ತು ಲಕ್ಷ ಡಿಗ್ರಿಯನ್ನೂ ಮೀರಿ ಕಾಯುವುದರಿಂದ ಅದನ್ನು ಅವನ ಗುರುತ್ವವೇ ಹಿಡಿದಿಡಲಾರದು. ವಿದ್ಯುತ್ ತುಂಬಿದ ಕಣಗಳಾಗಿ ಅದು ಎಲ್ಲ ದಿಕ್ಕಿಗೂ ಹರಿದುಬಿಡುತ್ತದೆ. ಬೆಳಕು ಎಂಟು ನಿಮಿಷದಲ್ಲಿ ಬಂದರೆ ಈ ಗಾಳಿಗೆ ಮೂರು ನಾಲ್ಕು ದಿನ ಬೇಕು. ಒಂದು ಸಕ್ಕರೆ ಅಚ್ಚಿನಷ್ಟು ಜಾಗದಲ್ಲಿ ನಾಲ್ಕಾರು ಕಣ ಇದ್ದರೆ ಹೆಚ್ಚು, ಅಷ್ಟು ತೆಳು, ಎಲೆಯನ್ನೂ ಅಲುಗಿಸದು. ನಡುವಿನ ಕೋಟ್ಯಂತರ ಮೈಲಿ ಬರಿದಿನಲ್ಲಿ ಅದು ಒಂಟಿಯಾಗಿ ಬರುತ್ತಲೇ ಇರುತ್ತದೆ. ಆದರೆ ಭೂಮಿಗೆ ಕಾಂತದ ಕವಚವಿದೆ. ಪ್ರವಾಹದ ಕಪಿಲೆ ಹೊಳೆದಂಡೆಯ ಕಲ್ಲುಕಂಬಕ್ಕೆ ಬಡಿದು ಎರಡಾಗಿ ಸೀಳಿ ಹೋಗುವಂತೆ, ಸೂರ್ಯನ ಗಾಳಿ ಈ ಕವಚಕ್ಕೆ ತಾಕಿ ಪಕ್ಕಕ್ಕೆ ಸರಿದುಹೋಗುತ್ತದೆ. "ಒಂದು ಕಣವೂ ಒಳಗೆ ಬಾರದು" ಎಂದು ಕಂಠ ಏರಿಸಿ ಮುಗಿಸಿದೆ. ಆ ಕೊನೆಯ ವಾಕ್ಯವನ್ನು ಅಷ್ಟೊಂದು ಅಭಿಮಾನದಿಂದ ಏಕೆ ಹೇಳಿದೆನೆಂದು ನೀವು ಊಹಿಸಬಲ್ಲಿರಿ.

ಪ್ರಸಾರವಾದ ಮಾರನೆಯ ಬೆಳಿಗ್ಗೆ ಮಾದೇವಮ್ಮ ಹಾಲು ಅಳೆಯುತ್ತ, "ಸೂರ್ಯಂಗೂ ಗಾಳಿ ಸೋಕ್ತದಾ ಮೇಷ್ಟ್ರೇ? ಒಂದು ನಿಂಬೆಅಣ್ಣು ನಿವಾಳ್ಸುದ್ರೆ ಸರಿಯೋಯ್ತದೆ ಬುಡಿ" ಎಂದಳು. ಸಹೋದ್ಯೋಗಿಗಳೆಲ್ಲ ಬಹಳ ಚೆನ್ನಾಗಿತ್ತೆಂದರು. ಚೆನ್ನಾಗಿತ್ತು ಎಂಬುದು ಸಮಾಧಾನದ ಮಾತಿನ ತಂಗಿ. ತಾಕಿದ್ದು ಗೊತ್ತಾಗದಂತೆ ಪಕ್ಕಕ್ಕೆ ಸರಿದುಹೋಗುತ್ತದೆ.

ಸರಿಯಾಗಿ ನಾಲ್ಕನೆಯ ದಿನಕ್ಕೆ ಒಂದು ಕಾರ್ಡು ಬಂತು. ಗೆರೆ ಎಳೆದಂಥ ಅಕ್ಷರ. ಆಶೀರ್ವಾದವಿಲ್ಲ, ಕ್ಷೇಮವಿಲ್ಲ.

"ರೇಡಿಯೋ ಕೇಳಿದೆ. ಉಚ್ಚಾರಣೆ ಶುದ್ಧವಾಗಿತ್ತು. ಮುಂದಿನಿಂದ ಬಂದ ಗಾಳಿ ಪಕ್ಕಕ್ಕೆ ಹೋಗುತ್ತದೆ ಎಂದಿರಿ. ಪಕ್ಕಕ್ಕೆ ಹೋದದ್ದು ಹಿಂದುಗಡೆ ಏನಾಗುತ್ತದೆ ಎಂದು ಹೇಳಲಿಲ್ಲ. ಸಮಯ ಸಾಲಲಿಲ್ಲವೋ, ಗೊತ್ತಿಲ್ಲವೋ?"

ಕಾರ್ಡನ್ನು ಎಷ್ಟು ಸಲ ಓದಿದೆನೋ. ವರ್ಷದ ಮೌನದ ನಂತರ ಬಂದದ್ದು ಒಂದು ಪ್ರಶ್ನೆ, ಅದೂ ಉತ್ತರ ಗೊತ್ತಿಲ್ಲದ ವಿದ್ಯಾರ್ಥಿಯನ್ನು ಎಬ್ಬಿಸಿ ನಿಲ್ಲಿಸುವಂಥ ಪ್ರಶ್ನೆ. ಸಮಯ ಸಾಲಲಿಲ್ಲವೆಂದು ಬರೆಯಬಹುದಿತ್ತು. ಆದರೆ ಮಲಗಿದ್ದೆನೆಂದು ಒಮ್ಮೆ ಅವರ ಬಾಯಿಂದಲೇ ಸುಳ್ಳು ಹೇಳಿಸಿದ್ದೆನಲ್ಲ, ಇನ್ನೊಂದು ಬೇಡವೆನ್ನಿಸಿತು. ಶನಿವಾರ ಶಾಲೆ ಬಿಟ್ಟೊಡನೆ ಮೈಸೂರಿಗೆ ಹೋಗಿ, ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಗೆಳೆಯರ ಪುಸ್ತಕಗಳನ್ನು ಹರಡಿಕೊಂಡು ಕೂತೆ. ನಾನು ರೇಡಿಯೋದಲ್ಲಿ ಹೇಳಿದ್ದು ತಪ್ಪಾಗಿತ್ತು. ವರ್ಷಗಟ್ಟಲೆ ಮಕ್ಕಳಿಗೆ ಹೇಳಿದ್ದೂ ತಪ್ಪೇ.

ಗಾಳಿ ಒಳಗೆ ಬರುತ್ತದೆ. ಸೂರ್ಯನ ಗಾಳಿ ತನ್ನೊಡನೆ ಸೂರ್ಯನ ಕಾಂತದ ಎಳೆಗಳನ್ನೂ ಎಳೆದು ತರುತ್ತದೆಯಂತೆ. ಆ ಎಳೆ ಭೂಮಿಯ ಎಳೆಯ ದಿಕ್ಕಿನದೇ ಆಗಿದ್ದರೆ ಹೆಚ್ಚೇನೂ ಆಗುವುದಿಲ್ಲ, ಸವರಿಕೊಂಡು ಸಾಗಿಹೋಗುತ್ತದೆ. ವಿರುದ್ಧ ದಿಕ್ಕಿನದಾಗಿದ್ದರೆ ಮಾತ್ರ ಎರಡೂ ಬೆಸೆದುಕೊಂಡು, ಕವಚ ಬಿಚ್ಚಿಕೊಂಡು, ಎಳೆಗಳೆಲ್ಲ ಭೂಮಿಯ ಹಿಂದಕ್ಕೆ ಉದ್ದಾನುದ್ದ ಜಡೆಯ ಹಾಗೆ ಸೆಳೆಯಲ್ಪಡುತ್ತವೆ. ಸೆಳೆತ ತಾಳಲಾರದಷ್ಟು ಆದಾಗ ಆ ಜಡೆ ನಡುವೆ ಕಳಚಿ, ಮತ್ತೆ ಕೂಡಿಕೊಂಡು, ಕಣಗಳನ್ನು ಭೂಮಿಯ ಕಡೆಗೇ ಮರಳಿ ಚಿಮ್ಮುತ್ತದೆ. ಅಂದರೆ ಬಹುಪಾಲು ಅವು ಬರುವುದು ಸೂರ್ಯನಿಗೆ ಬೆನ್ನು ಮಾಡಿದ ಕತ್ತಲ ಕಡೆಯಿಂದ, ಹಿತ್ತಲಿನಿಂದ. ಹಾಗೆ ಬಂದವು ಧ್ರುವಗಳ ಆಕಾಶದಲ್ಲಿ ಹಸಿರು ಕೆಂಪು ಬೆಳಕಾಗಿ ಹೊಳೆಯುತ್ತವೆಯಂತೆ. ನಂಜನಗೂಡಿನಲ್ಲಿ ಕೂತವನಿಗೆ ಅದನ್ನು ಕಾಣುವ ಭಾಗ್ಯವಿಲ್ಲ. ಆದರೆ ಒಪ್ಪಿ ತಲೆಯಾಡಿಸಿದವರೆಲ್ಲ ಸರಿದುಹೋಗಿ, ಎದುರು ಪ್ರಶ್ನೆ ಕೇಳಿದವರೊಬ್ಬರು ಒಳಗೆ ಬಂದದ್ದು ಹೇಗೆಂಬುದು ಅರ್ಥವಾಯಿತು.

ಇದನ್ನು ಕಾರ್ಡಿನಲ್ಲಿ ಬರೆಯಲು ಕೂತೆ. ಜಾಗ ಸಾಲಲಿಲ್ಲ. ಮರುದಿನ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ.

ಬೀದಿ ಬಾಗಿಲು ಮುಚ್ಚಿತ್ತು. ಹೊರಗೆ ಅವರ ಚಪ್ಪಲಿ. ಮೂರು ಸಲ ಬಡಿದೆ, ಉತ್ತರವಿಲ್ಲ. ಮತ್ತೆ ಬಡಿದೆ. ಇದು ನನಗೆ ಸಲ್ಲಬೇಕಾದದ್ದೇ ಎಂದುಕೊಂಡೆ. ನ್ಯಾಯವಾಗಿ ನೋಡಿದರೆ ಇನ್ನೂ ಕಡಿಮೆಯೇ. ಬಿಸಿಲು ಆಗಲೇ ಹೊಸ್ತಿಲಿಗೆ ಬಂದಿತ್ತು. ಯಾವ ಯೋಚನೆಯೂ ಇಲ್ಲದೆ ಬಗ್ಗಿ, ಅವರ ಚಪ್ಪಲಿಗಳನ್ನೆತ್ತಿ ಗೋಡೆಯ ನೆರಳಿಗೆ ಇಟ್ಟೆ. ಹಿಂತಿರುಗುವಷ್ಟರಲ್ಲಿ ಎದುರು ಜಗಲಿಯಿಂದ ಬೀಡಿ ಸೇದುತ್ತಿದ್ದ ಒಬ್ಬಾತ ಕೂಗಿದ.

"ಮುಂದ್ಲ ಬಾಗ್ಲು ಬಡುದ್ರೆ ಟೀಚರಮ್ಮಂಗೆ ಕೇಳಾಕಿಲ್ಲ ಸಾ. ಕಿವಿ ಮಂದ ಆಗದೆ. ಇತ್ಲು ಕಡೆಯಿಂದ ಓಗಿ, ಆ ಬಾಗ್ಲು ಯಾವಾಗ್ಲೂ ತಗ್ದೇ ಇರ್ತದೆ."

ಹನ್ನೊಂದು ವರ್ಷದಲ್ಲಿ ನಾನು ಆ ಮನೆಯ ಹಿತ್ತಲನ್ನು ತುಳಿದವನಲ್ಲ. ಅಳಿಯ ಎಂದರೆ ಮುಂಬಾಗಿಲಿನಲ್ಲಿ ಕಾಲಿಗೆ ನೀರು ಕೊಡಿಸಿಕೊಂಡು ಒಳಗೆ ಬರಬೇಕಾದ ಪ್ರಾಣಿ. ಹೊಸ್ತಿಲೆದುರು ಬಿಟ್ಟಿದ್ದ ನನ್ನ ಚಪ್ಪಲಿಯನ್ನು ಮರೆತು, ಬರಿಗಾಲಲ್ಲೇ ಪಕ್ಕದ ಓಣಿಯಲ್ಲಿ ನುಗ್ಗೆಮರದ ಕೆಳಗೆ ಬಳಸಿಕೊಂಡು ಹೋದೆ. ಅತ್ತೆ ಬಾಗಿಲ ಬಳಿ ಮೊರ ಹಿಡಿದು ಹುರುಳಿ ಕೇರುತ್ತಿದ್ದರು. ತಲೆ ಎತ್ತಿ ನೋಡಿದರು. ಮೊರ ನಿಂತಿತು. ಎದ್ದು ಮರೆಗೆ ಹೋಗಲು ಒಂದು ಹೆಜ್ಜೆ ಇಟ್ಟವರು ಅಲ್ಲಿಯೇ ನಿಂತು, ನಮ್ಮಿಬ್ಬರ ನಡುವಿನ ಖಾಲಿ ನೆಲದ ಕಡೆಗೆ ಮುಖ ಮಾಡಿ, ಎಂದಿನ ಅಭ್ಯಾಸದಿಂದ ಅಂದರು:

"ಕುಡಿಯಕ್ಕೆ ನೀರು ಬೇಕಾ ಕೇಳು..."

ಕೇಳುವವರು ಯಾರೂ ಇರಲಿಲ್ಲ. ಅವರ ಕೈ ಮೊರದ ಅಂಚನ್ನು ಹಿಡಿದುಕೊಂಡಿತು. ನಾನೂ ಆ ಖಾಲಿ ಜಾಗವನ್ನೇ ನೋಡಿದೆ. ಮೂರು ವರ್ಷ ನಾನು ಓಡಿದ್ದು ಇಷ್ಟೇ ಇಷ್ಟು ನೆಲದಿಂದ.

"ಬೇಕು ಅತ್ತೆ" ಎಂದೆ. ಕಿವಿ ಮಂದವಾಗಿದೆಯೆಂಬುದು ನೆನಪಾಗಿ ಮತ್ತೊಮ್ಮೆ, ಗಟ್ಟಿಯಾಗಿ, "ಬೇಕು" ಎಂದೆ.

ನೀರು ತಂದುಕೊಟ್ಟರು. ನಾನು ಹಿತ್ತಲ ಕಲ್ಲಿನ ಮೇಲೆ ಕೂತು, ಹುರುಳಿಯ ಹೊಟ್ಟು ಗಾಳಿಗೆ ಪಕ್ಕಕ್ಕೆ ಹಾರುತ್ತಿದ್ದುದನ್ನೇ ತೋರಿಸಿ, ಸೂರ್ಯನ ಗಾಳಿ ಹಿಂದಿನಿಂದ ಬರುವ ಬಗೆಯನ್ನು ಹೇಳಿದೆ. ಅವರು ನೇರ ನೋಡದೆ, ಆದರೆ ಅರ್ಧ ತಿರುಗಿ ಕೂತು ಕೇಳಿದರು. ಕೊನೆಗೆ, "ಹಾಗಾದ್ರೆ ರೇಡಿಯೋದಲ್ಲಿ ಹೇಳಿದ್ದು ತಪ್ಪು" ಎಂದರು, ನೆಲಕ್ಕೆ ಹೇಳುವ ಹಾಗೆ.

"ತಪ್ಪು ಅತ್ತೆ."

ಬೇರೆ ಯಾವ ತಪ್ಪಿನ ಮಾತೂ ಬರಲಿಲ್ಲ. ಊಟವಾಯಿತು. ಹೊರಡುವಾಗ ಬೀದಿ ಬಾಗಿಲವರೆಗೆ ಬಂದರು. ಗೋಡೆಯ ನೆರಳಿನಲ್ಲಿ ಜೋಡಿಸಿಟ್ಟ ತಮ್ಮ ಚಪ್ಪಲಿ ನೋಡಿದರು. ಹೊಸ್ತಿಲಿನ ಎದುರು, ಕಾದ ಕಲ್ಲಿನ ಮೇಲೆ, ನಾನು ಬಿಟ್ಟಿದ್ದ ನನ್ನವನ್ನು ನೋಡಿದರು. ಆಮೇಲೆ ನನ್ನ ಮುಖವನ್ನೇ ನೋಡಿ ಅಂದರು:

"ಬಿಸಿಲಿಗೆ ಬಿಟ್ರೆ ರಬ್ಬರು ಮುದುಡಿಹೋಗುತ್ತೆ. ನೀವು ಯಾವಾಗಲೂ ಬಿಸಿಲಲ್ಲೇ ಬಿಡ್ತೀರಿ."

ಮಗಳಿಗಲ್ಲ, ಕಂಬಕ್ಕಲ್ಲ, ನೆಲಕ್ಕಲ್ಲ, ನನಗೆ. ಆ ಭಾನುವಾರದ ಬಗ್ಗೆ ಅವರು ಹಿಂದೆ ಮುಂದೆ ಆಡಿದ್ದು ಅಷ್ಟೆ.

ನಂಜನಗೂಡಿಗೆ ಬಂದು ಉತ್ತರಪತ್ರಿಕೆಗಳ ಕಟ್ಟನ್ನು ಸರಿಸಿದೆ. ತುಕ್ಕು ಹಿಡಿದ ಅಗುಳಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಸುತ್ತಿಗೆಯಿಂದ ತಟ್ಟಿ ತೆಗೆಯುವಾಗ ಆಚೆಯಿಂದ ಮಾದೇವಮ್ಮ "ಅಂತೂ ಕ್ವಾಟೆ ಬಿತ್ತು" ಎಂದಳು. ಅನಂತರದ ಆರೇಳು ವರ್ಷ ಟೀಚರಮ್ಮ ತಿಂಗಳಿಗೊಮ್ಮೆ ಛತ್ರಿ ಹಿಡಿದು, ಮಾದೇವಮ್ಮನ ಎಮ್ಮೆಗಳನ್ನು ಬಳಸಿಕೊಂಡು, ಆ ಬಾಗಿಲಿನಿಂದಲೇ ಬಂದರು. ನೇರ ಮಾತು ನಮಗೆ ಕೊನೆಯವರೆಗೂ ಪೂರ್ತಿ ಒಗ್ಗಲಿಲ್ಲ; ಒಮ್ಮೊಮ್ಮೆ ಅವರ "ಕೇಳು" ಬಾಯಿಗೆ ಬಂದುಬಿಡುತ್ತಿತ್ತು, ಆಗ ನಾನೇ ಉತ್ತರ ಕೊಡುತ್ತಿದ್ದೆ. ಈಗ ಅವರೂ ಇಲ್ಲ.

ಈಗಲೂ ಚಪ್ಪಲಿಯನ್ನು ಹೊರಗೇ ಬಿಡುತ್ತೇನೆ, ನಾನು ಒಳಗಿದ್ದೇನೆಂದು ದಾರಿಹೋಕರಿಗೆಲ್ಲ ಕಾಣಲಿ ಎಂದು. ಬಿಡುವಾಗ ಗೋಡೆಯ ಬುಡದ ನೆರಳು ನೋಡಿಯೇ ಬಿಡುವುದು. ಆದರೆ ನೆರಳು ಒಂದೆಡೆ ನಿಲ್ಲುವುದಿಲ್ಲ. ಮಧ್ಯಾಹ್ನ ಕಳೆದಂತೆ ಬಿಸಿಲು ತಿರುಗಿ ಅವನ್ನು ಹುಡುಕಿಕೊಂಡು ಬರುತ್ತದೆ. ಆಗ ಓದುತ್ತಿದ್ದ ಪುಸ್ತಕವನ್ನು ಮಗುಚಿಟ್ಟು ಎದ್ದು, ಹೊರಗೆ ಹೋಗಿ, ಬಗ್ಗಿ, ಒಂದು ಗೇಣು ಪಕ್ಕಕ್ಕೆ ಸರಿಸಿ ಬರುತ್ತೇನೆ.